ದತ್ತಾಂಶ ಕೇಂದ್ರಗಳಲ್ಲಿ ಬೆಳಕಿನ ಸಂವಹನ: ವೇಗ ಮತ್ತು ಮಿತವ್ಯಯಗಳ ವಾದವನ್ನು ಕುರಿತು ಒಂದು ವಿಮರ್ಶೆ

೧

ಈಚಿನ ಕೆಲವು ವರ್ಷಗಳಿಂದ ಗಣಕೋದ್ಯಮದ ಪ್ರಕಟಣೆಗಳಲ್ಲಿಯೂ ವಿಜ್ಞಾನ ಪತ್ರಿಕೆಗಳಲ್ಲಿಯೂ ಒಂದು ವಾದವು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಸಾವಿರಾರು ಗಣಕಗಳನ್ನು ಒಂದೆಡೆ ಕೂಡಿಸಿಟ್ಟಿರುವ ದತ್ತಾಂಶ ಕೇಂದ್ರಗಳಲ್ಲಿ, ಗಣಕಗಣಕಗಳ ನಡುವಣ ಸಂದೇಶಗಳನ್ನು ತಾಮ್ರದ ತಂತಿಗೆ ಬದಲಾಗಿ ಬೆಳಕಿನ ಮೂಲಕ ಸಾಗಿಸಿದರೆ, ಕೆಲಸದ ವೇಗವು ಹೆಚ್ಚುವುದಲ್ಲದೆ ವಿದ್ಯುತ್ತಿನ ವ್ಯಯವೂ ತಗ್ಗುವುದೆಂಬುದೇ ಆ ವಾದ. ಇದರಲ್ಲಿ ಸತ್ಯಾಂಶವೆಷ್ಟು, ಇದರ ಮಿತಿಗಳೇನು, ಇದರಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವ ತೀರ್ಮಾನಕ್ಕೆ ಬರಲಾಗದು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಭೌತವಿಜ್ಞಾನಕ್ಕೆ ಸೇರಿದ ವಿಷಯವನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದೇಕೆ ಎಂಬ ಶಂಕೆ ವಾಚಕರಲ್ಲಿ ಮೂಡುವುದು ಸಹಜ. ಇದಕ್ಕೆ ಎರಡು ಕಾರಣಗಳುಂಟು. ಇತಿಹಾಸದ ಆಕರಗಳೇ ಇಂದು ಈ ಕೇಂದ್ರಗಳನ್ನು ಸೇರುತ್ತಿವೆಯೆಂಬುದು ಮೊದಲನೆಯದು. ಬೀದರ, ಬಸವಕಲ್ಯಾಣ, ಕಮಠಾಣ, ಭಾಲ್ಕಿ ಮೊದಲಾದ ಕಡೆಗಳಿಗೆ ಕ್ಷೇತ್ರಕಾರ್ಯಕ್ಕೆಂದು ಹೋದ ವಿದ್ಯಾರ್ಥಿಗಳು ಹಳೆಯ ಕಲ್ಲೊಂದನ್ನು ಕಂಡೊಡನೆ ಮೊಬೈಲಿನಲ್ಲಿ ಅದರ ಚಿತ್ರವನ್ನು ತೆಗೆಯುತ್ತಾರೆ. ಆ ಚಿತ್ರವು ಕೆಲವು ಕ್ಷಣಗಳಲ್ಲಿ, ಅವರು ಎಂದೂ ಕಾಣದ ಊರಿನ ಯಾವುದೋ ಕಟ್ಟಡವನ್ನು ಸೇರುತ್ತದೆ. ಕಲ್ಲು ಶತಮಾನಗಳ ಕಾಲ ಯಾವ ವ್ಯಯವನ್ನೂ ಬೇಡದೆ ನಿಂತಿತ್ತು. ಅದರ ಚಿತ್ರವು ನಮ್ಮ ಕೈಗೆ ಸಿಕ್ಕುವ ಸ್ಥಿತಿಯಲ್ಲಿ ಉಳಿಯಬೇಕಾದರೆ ಆ ಕಟ್ಟಡದಲ್ಲಿ ಹಗಲಿರುಳೂ ವಿದ್ಯುತ್ತು ಹರಿಯುತ್ತಿರಬೇಕು. ಎರಡನೆಯ ಕಾರಣವು ಇನ್ನೂ ಮುಖ್ಯವಾದುದು. ಒಂದು ಯಂತ್ರವು ಹೆಚ್ಚು ಸಮರ್ಥವಾದಾಗ ಸಮಾಜದ ಒಟ್ಟು ವ್ಯಯವು ತಗ್ಗುವುದೋ ಏರುವುದೋ ಎಂಬ ಪ್ರಶ್ನೆಗೆ ಪ್ರಯೋಗಶಾಲೆಯೊಂದೇ ಉತ್ತರ ಕೊಡಲಾರದು. ಹಿಂದೆ ಹೀಗಾದಾಗ ಏನು ನಡೆಯಿತೆಂಬುದನ್ನು ನೋಡಿಯೇ ಅದನ್ನು ತಿಳಿಯಬೇಕು. ಅದು ಇತಿಹಾಸದ ಕೆಲಸ.

ಈ ಕೇಂದ್ರಗಳ ಸಮೂಹಕ್ಕೆ ಆಂಗ್ಲ ಭಾಷೆಯಲ್ಲಿ ಇಟ್ಟ ಹೆಸರನ್ನು ಅನುಸರಿಸಿ ನಮ್ಮಲ್ಲಿಯೂ ‘ಕ್ಲೌಡ್’, ‘ಮೋಡ’ ಎಂದು ವ್ಯವಹರಿಸುವುದುಂಟು. ಈ ಹೆಸರು ದಾರಿತಪ್ಪಿಸತಕ್ಕದ್ದು. ಮೋಡಕ್ಕೆ ಗೋಡೆಯಿಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ನಾವು ಹೇಳುತ್ತಿರುವುದು ಬೆಂಗಳೂರಿನ ವೈಟ್‌ಫೀಲ್ಡ್‌ನಂಥ ಬಡಾವಣೆಗಳಲ್ಲಿ, ಮುಂಬಯಿ ಹೈದರಾಬಾದುಗಳಲ್ಲಿ ನೆಲದ ಮೇಲೆ ನಿಂತಿರುವ, ಕಾವಲುಗಾರರಿರುವ, ಡೀಸೆಲ್ ಜನರೇಟರುಗಳಿರುವ ಕಟ್ಟಡಗಳ ವಿಷಯ.

೨

ವಾದವನ್ನು ಅದರ ಬಲವಾದ ರೂಪದಲ್ಲಿಯೇ ಮೊದಲು ನೋಡುವುದು ವಿಮರ್ಶೆಯ ಧರ್ಮ. ತಾಮ್ರದ ತಂತಿಯಲ್ಲಿ ಸಂಕೇತಗಳ ಆವರ್ತನವು ಏರಿದಂತೆಲ್ಲ ವಿದ್ಯುತ್ತು ತಂತಿಯ ಹೊರಮೈಯಲ್ಲಿಯೇ ಹರಿಯತೊಡಗುತ್ತದೆ. ತಂತಿಯ ಬಹುಭಾಗವು ನಿರುಪಯುಕ್ತವಾಗಿ, ಸಂಕೇತದ ಶಕ್ತಿಯು ಕಾವಾಗಿ ಪರಿಣಮಿಸಿ ನಷ್ಟವಾಗುತ್ತದೆ. ಒಂದು ಜೊತೆ ತಂತಿಯಲ್ಲಿ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಬಿಟ್‌ಗಳನ್ನು ಕಳುಹಿಸಬೇಕಾದಾಗ, ನಡುವೆ ಬಲವರ್ಧಕವಿಲ್ಲದೆ ಸಂಕೇತವು ಎರಡು ಮೂರು ಮೀಟರುಗಳಾಚೆಗೆ ಸಾಗುವುದು ಕಷ್ಟ. ದೊಡ್ಡ ಕೇಂದ್ರದ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇರುವ ಅಂತರವೇ ಇದಕ್ಕಿಂತ ಬಹಳ ಹೆಚ್ಚು.

ಬೆಳಕಿನ ದಾರಿಯು ಇದಕ್ಕಿಂತ ಸುಗಮ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಹಾಪ್ಕಿನ್ಸ್‌ರೊಡನೆ ಕೂಡಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರಗಳನ್ನು ಸಾಗಿಸಿದ ವರದಿಯು ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಬಹು ಬೇಗ ಕುಂದುತ್ತಿತ್ತು. ಈ ದೋಷವು ಗಾಜಿನ ಸ್ವಭಾವದ್ದಲ್ಲವೆಂದೂ ಅದರಲ್ಲಿ ಬೆರೆತ ಕಲ್ಮಷಗಳದ್ದೆಂದೂ ೧೯೬೬ರಲ್ಲಿ ಚಾರ್ಲ್ಸ್ ಕಾವೊ ಮತ್ತು ಹಾಕ್‌ಹ್ಯಾಮರು ವಾದಿಸಿದರು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ದೂರಸಂಪರ್ಕಕ್ಕೆ ಸಾಕೆಂಬುದು ಅವರ ಲೆಕ್ಕ. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು ಈ ಗಡಿಯನ್ನು ದಾಟಿದರು. ಇಂದಿನ ಸಾಮಾನ್ಯ ಫೈಬರಿನಲ್ಲಿ ಒಂದು ಕಿಲೋಮೀಟರಿನ ಅನಂತರವೂ ನೂರಕ್ಕೆ ತೊಂಬತ್ತೈದು ಪಾಲು ಬೆಳಕು ಉಳಿದಿರುತ್ತದೆ. ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಊರಿಂದೂರಿಗೆ ಹೋಗುತ್ತಿದ್ದ ಈ ಬೆಳಕನ್ನು ಗಣಕದ ಚಿಪ್ಪಿನ ಹೊಸ್ತಿಲವರೆಗೆ ತರುವುದೇ ಈಗಿನ ಪ್ರಯತ್ನ. ಗಣಕವು ಲೆಕ್ಕ ಮಾಡುವುದು ವಿದ್ಯುತ್ತಿನಿಂದ. ಆದಕಾರಣ ದಾರಿಯ ಎರಡು ತುದಿಗಳಲ್ಲಿಯೂ ವಿದ್ಯುತ್ತನ್ನು ಬೆಳಕಾಗಿ, ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸಬೇಕಾಗುತ್ತದೆ. ಈ ಪರಿವರ್ತಕಗಳು ಇದುವರೆಗೆ ಸ್ವಿಚ್ಚು ಪೆಟ್ಟಿಗೆಯ ಮುಂಬದಿಯಲ್ಲಿ ಸಿಕ್ಕಿಸುವ ಬಿಡಿ ಸಾಧನಗಳಾಗಿದ್ದುವು. ಚಿಪ್ಪಿನಿಂದ ಅಲ್ಲಿಯವರೆಗೆ ತಾಮ್ರದ ದಾರಿಯಲ್ಲಿ ಬಂದು ಕೆಟ್ಟ ಸಂಕೇತವನ್ನು ತಿದ್ದುವುದಕ್ಕೇ ಬಹಳ ವಿದ್ಯುತ್ತು ವ್ಯಯವಾಗುತ್ತಿತ್ತು. ಪರಿವರ್ತಕವನ್ನು ಚಿಪ್ಪಿನ ಮಗ್ಗುಲಲ್ಲಿಯೇ ಕೂರಿಸಿದ ಸ್ವಿಚ್ಚುಗಳನ್ನು ಎನ್ವಿಡಿಯಾ ಸಂಸ್ಥೆಯು ೨೦೨೫ರ ಮಾರ್ಚಿಯಲ್ಲಿ ಪ್ರಕಟಿಸಿ, ಇವು ಮೂರೂವರೆ ಪಟ್ಟು ವಿದ್ಯುತ್-ದಕ್ಷತೆಯುಳ್ಳವೆಂದು ಹೇಳಿತು. ಗೂಗಲ್ ಸಂಸ್ಥೆಯವರದು ಬೇರೊಂದು ಮಾರ್ಗ. ಅವರು ಅತಿ ಸಣ್ಣ ಕನ್ನಡಿಗಳನ್ನು ಬೇಕಾದ ಕಡೆಗೆ ಓರೆಮಾಡಿ ಬೆಳಕನ್ನು ಬೆಳಕಾಗಿಯೇ ತಿರುಗಿಸುವ ಸ್ವಿಚ್ಚುಗಳನ್ನು ಬಳಸಿದರು. ೨೦೨೨ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ ಅವರ ಜಾಲದ ವೇಗ ಮತ್ತು ಸಾಮರ್ಥ್ಯಗಳು ಐದು ಪಟ್ಟಾದುವು. ಬಂಡವಾಳದ ವೆಚ್ಚವು ನೂರಕ್ಕೆ ೩೦ರಷ್ಟೂ ವಿದ್ಯುತ್ತು ನೂರಕ್ಕೆ ೪೧ರಷ್ಟೂ ಇಳಿದುವು.

ಇವು ಸಾಮಾನ್ಯ ಸಾಧನೆಗಳಲ್ಲ. ಇವನ್ನು ಮೆಚ್ಚಿಕೊಂಡೇ ಮುಂದಿನ ಮಾತನ್ನು ಹೇಳಬೇಕಾಗಿದೆ.

೩

ವೇಗದ ಮಾತನ್ನು ಮೊದಲು ಪರೀಕ್ಷಿಸೋಣ. ‘ಬೆಳಕಿಗಿಂತ ವೇಗವಾದುದು ಯಾವುದೂ ಇಲ್ಲ, ಆದ್ದರಿಂದ ಬೆಳಕಿನ ಜಾಲವು ವೇಗವಾದುದು’ ಎಂಬ ತರ್ಕವು ಜನಪ್ರಿಯ ಬರಹಗಳಲ್ಲಿ ಕಂಡುಬರುತ್ತದೆ. ಇದು ಸದೋಷವಾದ ತರ್ಕ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಚಲಿಸುವುದು ಶೂನ್ಯದಲ್ಲಿ. ಗಾಜಿನ ಎಳೆಯಲ್ಲಿ ಅದರ ಗತಿಯು ಸುಮಾರು ಎರಡು ಲಕ್ಷ ಕಿಲೋಮೀಟರು ಮಾತ್ರ. ಒಳ್ಳೆಯ ತಾಮ್ರದ ಕೇಬಲಿನಲ್ಲಿ ವಿದ್ಯುತ್ಸಂಕೇತದ ಗತಿಯೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಬೆಳಕಿನ ಹೆಚ್ಚುಗಾರಿಕೆಯು ಅದು ಒಯ್ಯಬಲ್ಲ ಹೊರೆಯಲ್ಲಿದೆ. ಬಂಡಿಯ ಓಟವೇ ಬೇರೆ, ದಾರಿಯಲ್ಲಿ ಒಮ್ಮೆಗೆ ಎಷ್ಟು ಬಂಡಿಗಳು ಸಾಗಬಹುದೆಂಬುದೇ ಬೇರೆ. ಒಂದೇ ಎಳೆಯಲ್ಲಿ ಹಲವು ಬಣ್ಣದ ಕಿರಣಗಳು ಒಂದಕ್ಕೊಂದು ತೊಡಕಾಗದೆ ಏಕಕಾಲಕ್ಕೆ ಹೋಗಬಲ್ಲುವು. ಕನ್ನಡದಲ್ಲಿ ಈ ಎರಡಕ್ಕೂ ‘ವೇಗ’ವೆಂಬ ಒಂದೇ ಮಾತನ್ನು ಬಳಸುತ್ತಿರುವುದರಿಂದ ಗೊಂದಲವು ಬೆಳೆದಿದೆ. ಮೊದಲನೆಯದಕ್ಕೆ ‘ಗತಿ’ಯೆಂದೂ ಎರಡನೆಯದಕ್ಕೆ ‘ಹರವು’ ಎಂದೂ ಬೇರೆ ಬೇರೆ ಪದಗಳನ್ನು ಇಟ್ಟುಕೊಳ್ಳುವುದು ಮೇಲೆಂದು ನಮಗೆ ತೋರುತ್ತದೆ.

ಈ ವ್ಯತ್ಯಾಸವು ಪದಗಳ ಚರ್ಚೆಗಷ್ಟೇ ಸೇರಿದುದಲ್ಲ. ಕಮಠಾಣದಿಂದ ಬೆಂಗಳೂರಿಗೆ ಸುಮಾರು ೭೦೦ ಕಿಲೋಮೀಟರ್ ರಸ್ತೆಯ ದಾರಿ. ಅಷ್ಟು ಉದ್ದದ ಫೈಬರಿನಲ್ಲಿ ಬೆಳಕು ಹೋಗಿ ಮರಳುವುದಕ್ಕೆ ಬೇಕಾಗುವ ಕಾಲವು ಸೆಕೆಂಡಿನ ಸಾವಿರದಲ್ಲಿ ಏಳು ಭಾಗ. ಇದು ರೆಪ್ಪೆ ಹೊಡೆಯುವುದಕ್ಕಿಂತ ಎಷ್ಟೋ ಕಡಮೆ. ಗ್ರಾಮ ಪಂಚಾಯಿತಿಗಳವರೆಗೆ ಫೈಬರನ್ನು ಒಯ್ಯುವ ರಾಷ್ಟ್ರೀಯ ಯೋಜನೆಗೆ ೨೦೧೧ರಲ್ಲಿ ಮಂಜೂರಾತಿ ದೊರೆಯಿತು; ೨೦೧೫ರಲ್ಲಿ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರು ಬಂದಿತು. ಆದರೂ ಹಳ್ಳಿಯ ವಿದ್ಯಾರ್ಥಿಯು ಒಂದು ಪುಟವು ತೆರೆದುಕೊಳ್ಳಲೆಂದು ನಿಮಿಷಗಟ್ಟಲೆ ಕಾಯುವ ಪ್ರಸಂಗವು ತಪ್ಪಿಲ್ಲ. ಆ ವಿಳಂಬಕ್ಕೆ ಬೆಂಗಳೂರಿನ ಕೇಂದ್ರದೊಳಗಣ ತಾಮ್ರದ ತಂತಿಯು ಕಾರಣವಲ್ಲ. ಕರೆಂಟು ಹೋಗುವುದು, ಕೊನೆಯ ಒಂದೆರಡು ಕಿಲೋಮೀಟರಿನ ಸಂಪರ್ಕ, ಅಗೆತದಲ್ಲಿ ತುಂಡಾದ ಕೇಬಲು, ಒಂದೇ ಟವರಿನ ಮೇಲೆ ಬಿದ್ದ ನೂರಾರು ಮೊಬೈಲುಗಳ ಹೊರೆ, ಇವು ಅದರ ಕಾರಣಗಳು. ಕೇಂದ್ರದೊಳಗೆ ಹರವನ್ನು ಐದು ಪಟ್ಟು ಮಾಡಿದರೆ ಅದರ ಲಾಭವು ಅಲ್ಲಿ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುತ್ತಿರುವ ಸಾವಿರಾರು ಪ್ರೊಸೆಸರುಗಳಿಗೆ ಸಲ್ಲುತ್ತದೆ. ಅದು ನಮ್ಮ ಜಿಲ್ಲೆಯ ವಿದ್ಯಾರ್ಥಿಯ ಕಾಯುವಿಕೆಯನ್ನು ತಗ್ಗಿಸುವುದೆಂದು ಹೇಳುವುದು ಸರಿಯಾಗದು.

೪

ಇನ್ನು ಮಿತವ್ಯಯದ ವಿಚಾರ. ಇಲ್ಲಿ ಗಮನಿಸಬೇಕಾದ ಅಂಶಗಳು ಮೂರು.

ಬೆಳಕು ಎಲ್ಲ ದೂರಗಳಲ್ಲಿಯೂ ಮಿತವ್ಯಯಿಯಲ್ಲವೆಂಬುದು ಮೊದಲನೆಯ ಅಂಶ. ಪರಿವರ್ತನೆಗೆ ತೆರಬೇಕಾದ ವಿದ್ಯುತ್ತು ದಾರಿಯು ಚಿಕ್ಕದಾದ ಮಾತ್ರಕ್ಕೆ ಕಡಮೆಯಾಗುವುದಿಲ್ಲ. ಎನ್ವಿಡಿಯಾ ಸಂಸ್ಥೆಯೇ ೨೦೨೪ರಲ್ಲಿ ಎಪ್ಪತ್ತೆರಡು ಪ್ರೊಸೆಸರುಗಳನ್ನು ಒಂದೇ ಬೀರುವಿನೊಳಗೆ ಜೋಡಿಸಿದಾಗ ಬೆಳಕನ್ನು ಬಿಟ್ಟು ಐದು ಸಾವಿರಕ್ಕೂ ಮಿಕ್ಕ ತಾಮ್ರದ ಕೇಬಲುಗಳನ್ನು ಬಳಸಿತು. ಬೆಳಕಿನ ಸಾಧನಗಳನ್ನು ಬಳಸಿದ್ದರೆ ಆ ಬೀರುವೊಂದಕ್ಕೇ ಇಪ್ಪತ್ತು ಕಿಲೋವಾಟ್ ಹೆಚ್ಚಿಗೆ ಬೇಕಾಗುತ್ತಿತ್ತೆಂದು ಸಂಸ್ಥೆಯ ಮುಖ್ಯಸ್ಥರು ಅಂದು ವಿವರಿಸಿದರು. ಮರುವರ್ಷವೇ ಅದೇ ಸಂಸ್ಥೆಯು ಬೆಳಕಿನ ಸ್ವಿಚ್ಚುಗಳನ್ನು ಮುಂದಿಟ್ಟಿತು. ಇದರಲ್ಲಿ ವಿರೋಧವೇನೂ ಇಲ್ಲ. ಒಂದು ಬೀರುವಿನೊಳಗಣ ದೂರಕ್ಕೆ ತಾಮ್ರವೂ ಬೀರುಗಳ ನಡುವಣ ದೂರಕ್ಕೆ ಬೆಳಕೂ ಅನುಕೂಲವೆಂದು ಇದರ ಅರ್ಥ. ಆದರೆ ‘ಬೆಳಕೆಂದರೆ ಮಿತವ್ಯಯ’ವೆಂಬ ಸೂತ್ರವು ಇದರಿಂದ ಬಿದ್ದುಹೋಗುತ್ತದೆ. ಹಾಗೆಯೇ ಗೂಗಲಿನ ನೂರಕ್ಕೆ ೪೧ರ ಉಳಿತಾಯವೂ ಕನ್ನಡಿಗಳೊಂದರಿಂದಲೇ ಬಂದುದಲ್ಲ. ಜಾಲದ ನಡುವಣ ಒಂದು ಅಂತಸ್ತನ್ನೇ ತೆಗೆದುಹಾಕಿ ವಿನ್ಯಾಸವನ್ನು ಬದಲಿಸಿದುದರ ಪಾಲೂ ಅದರಲ್ಲಿದೆ. ಅದು ಜಾಲದ ವಿದ್ಯುತ್ತಿನಲ್ಲಾದ ಉಳಿತಾಯವೇ ಹೊರತು ಇಡೀ ಕೇಂದ್ರದ ವಿದ್ಯುತ್ತಿನಲ್ಲಾದುದಲ್ಲ.

ಈ ಕೊನೆಯ ಮಾತು ಎರಡನೆಯ ಅಂಶಕ್ಕೆ ನಮ್ಮನ್ನು ತರುತ್ತದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು ೨೦೨೫ರ ಏಪ್ರಿಲಿನಲ್ಲಿ ಪ್ರಕಟಿಸಿದ ವರದಿಯಂತೆ, ಆಧುನಿಕ ದತ್ತಾಂಶ ಕೇಂದ್ರದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ೬೦ ಪಾಲು ಲೆಕ್ಕ ಮಾಡುವ ಗಣಕಗಳಿಗೆ ಹೋಗುತ್ತದೆ. ಜಾಲದ ಸಲಕರಣೆಗಳ ಪಾಲು ಹೆಚ್ಚೆಂದರೆ ೫. ಉಳಿದುದರಲ್ಲಿ ತಂಪು ಮಾಡುವುದರದು ದೊಡ್ಡ ಪಾಲು. ಜಾಲದ ವಿದ್ಯುತ್ತು ಎಲ್ಲ ಕಡೆಯೂ ಮೂರೂವರೆ ಪಟ್ಟು ಇಳಿಯಿತೆಂದೇ ಭಾವಿಸಿದರೂ, ಒಟ್ಟು ವ್ಯಯದಲ್ಲಿ ನೂರಕ್ಕೆ ಸುಮಾರು ೩.೬ರಷ್ಟು ಮಾತ್ರ ಉಳಿಯುತ್ತದೆ. ಕೃತಕ ಬುದ್ಧಿಮತ್ತೆಗೆ ಮೀಸಲಾದ ಕೇಂದ್ರಗಳಲ್ಲಿ ಜಾಲದ ಪಾಲು ಇದಕ್ಕಿಂತ ಹೆಚ್ಚಾಗಬಹುದು. ಸಂದೇಶಕ್ಕಾಗಿ ಕಾಯುತ್ತ ಸುಮ್ಮನೆ ಉರಿಯುವ ಪ್ರೊಸೆಸರುಗಳ ವ್ಯಯವೂ ಹರವು ಹೆಚ್ಚಿದಾಗ ತಗ್ಗುತ್ತದೆ. ಇದನ್ನೆಲ್ಲ ಒಪ್ಪಿದರೂ ಜಾಲವು ವ್ಯಯದ ಮುಖ್ಯ ಸ್ಥಾನವಲ್ಲವೆಂಬುದು ಉಳಿಯುತ್ತದೆ.

ಈ ೩.೬ ಎಂಬುದು ಅಲ್ಪವೇನೂ ಅಲ್ಲ. ಅದೇ ವರದಿಯಂತೆ ೨೦೨೪ರಲ್ಲಿ ಲೋಕದ ದತ್ತಾಂಶ ಕೇಂದ್ರಗಳೆಲ್ಲವೂ ಕೂಡಿ ೪೧೫ ಟೆರಾವಾಟ್-ಗಂಟೆಗಳಷ್ಟು, ಎಂದರೆ ೪೧,೫೦೦ ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದುವು. ಇದು ಲೋಕದ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆ ಭೂಮಿಯಲ್ಲಿ ಹರಡಿರುವ ೨,೦೫೦ ಮೆಗಾವಾಟಿನ ಸೌರ ಸ್ಥಾವರವು, ಬಿಸಿಲು ದೊರೆಯುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ವರ್ಷಕ್ಕೆ ಸುಮಾರು ೪೦೦ ಕೋಟಿ ಯೂನಿಟ್ ಕೊಡಬಲ್ಲುದೆಂದು ನಮ್ಮ ಅಂದಾಜು. ಈ ಅಂದಾಜಿನಂತೆ ೨೦೨೪ರ ಬಳಕೆಗೆ ನೂರಕ್ಕೂ ಮಿಕ್ಕ ಪಾವಗಡಗಳು ಬೇಕು. ಬೆಳಕಿನಿಂದಾಗುವ ಉಳಿತಾಯವು ಹೆಚ್ಚು ಕಡಿಮೆ ನಾಲ್ಕು ಪಾವಗಡಗಳಿಗೆ ಸಮ. ಆದರೆ ಈ ಕೇಂದ್ರಗಳ ಬಳಕೆಯು ೨೦೨೪ಕ್ಕೆ ಹಿಂದಿನ ಐದು ವರ್ಷಗಳಲ್ಲಿ ವರ್ಷಕ್ಕೆ ನೂರಕ್ಕೆ ೧೨ರಂತೆ ಬೆಳೆದಿದೆಯೆಂದೂ, ೨೦೩೦ರ ಹೊತ್ತಿಗೆ ೯೪೫ ಟೆರಾವಾಟ್-ಗಂಟೆಗಳಿಗೆ ಮುಟ್ಟಬಹುದೆಂದೂ ಅದೇ ವರದಿ ಹೇಳುತ್ತದೆ. ನೂರಕ್ಕೆ ೧೨ರ ಬೆಳವಣಿಗೆಯು ನೂರಕ್ಕೆ ೩.೬ರ ಉಳಿತಾಯವನ್ನು ನುಂಗಿಬಿಡುವುದಕ್ಕೆ ನಾಲ್ಕು ತಿಂಗಳು ಸಾಕು.

ಮೂರನೆಯ ಅಂಶವು ಅಳತೆಗೋಲನ್ನು ಕುರಿತದ್ದು. ಕೇಂದ್ರಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಗಣಕ ಸಲಕರಣೆಗಳು ಬಳಸಿದ ವಿದ್ಯುತ್ತಿನಿಂದ ಭಾಗಿಸಿ ಬರುವ ಅಂಕಿಯನ್ನು ‘ಪಿ.ಯು.ಇ.’ ಎಂದು ಕರೆದು, ಅದು ಒಂದಕ್ಕೆ ಸಮೀಪವಾದಷ್ಟೂ ಕೇಂದ್ರವು ದಕ್ಷವೆಂದು ಎಣಿಸುವುದು ರೂಢಿ. ಜಾಲದ ಸಲಕರಣೆಗಳು ಗಣಕ ಸಲಕರಣೆಗಳ ಲೆಕ್ಕದಲ್ಲಿಯೇ ಸೇರುತ್ತವೆ. ಒಂದು ಕೇಂದ್ರದ ಸಲಕರಣೆಗಳಿಗೆ ೧೦೦ ಯೂನಿಟ್, ತಂಪಿಗೂ ಇತರ ವೆಚ್ಚಕ್ಕೂ ೩೦ ಯೂನಿಟ್ ಆಗುತ್ತಿದ್ದರೆ ಅನುಪಾತವು ೧.೩೦. ಬೆಳಕಿನ ತಂತ್ರದಿಂದ ೧೦೦ ಇದ್ದದ್ದು ೯೬ಕ್ಕೆ ಇಳಿದು ೩೦ ಹಾಗೆಯೇ ಉಳಿದರೆ ಅನುಪಾತವು ೧.೩೧ ಆಗುತ್ತದೆ. ವ್ಯಯವು ತಗ್ಗಿದರೂ ಅಂಕಿಯು ಕೇಂದ್ರವು ಕೆಟ್ಟಿತೆಂದು ಸಾರುತ್ತದೆ! ಇನ್ನೊಂದು ಕಡೆ, ಕೇಂದ್ರದ ಗಾತ್ರವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಅನುಪಾತವು ಕದಲದೆ ಇರಬಹುದು. ಉಳಿತಾಯವನ್ನೂ ಬೆಳವಣಿಗೆಯನ್ನೂ ತೋರಿಸಲಾರದ ಇಂಥ ಅಂಕಿಯನ್ನೇ ಮುಂದಿಟ್ಟುಕೊಂಡು ಮಿತವ್ಯಯವನ್ನು ನಿರ್ಣಯಿಸುವುದು ಪ್ರಮಾಣದೋಷ.

೫

ಸಮರ್ಥವಾದ ಸಾಗಾಟವು ಒಟ್ಟು ಬಳಕೆಯನ್ನು ಏನು ಮಾಡುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವುಂಟು. ಮೈಸೂರು ಸಂಸ್ಥಾನದವರು ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ವೋಲ್ಟೇಜನ್ನು ಏರಿಸಿ ಕಳುಹಿಸಿದರೆ ತಂತಿಯಲ್ಲಿ ನಷ್ಟವು ಕಡಮೆಯೆಂಬ ತತ್ತ್ವವೇ ಆ ಸಾಹಸಕ್ಕೆ ಆಧಾರ. ಉಗಿಯಂತ್ರಗಳಿಗಾಗಿ ಸೌದೆ ಕಲ್ಲಿದ್ದಲುಗಳನ್ನು ಹೊರುವುದಕ್ಕಿಂತ ಇದು ಅಗ್ಗವಾಯಿತು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ೧೯೦೫ರಲ್ಲಿ ಬೆಂಗಳೂರಿಗೆ ದೀಪ ಬಂದಿತು. ಗಣಿಗಳ ಬೇಡಿಕೆಯು ಏರಿತು. ಬೇಸಗೆಯಲ್ಲಿ ಕಾವೇರಿಯ ಹರಿವು ಸಾಲದಾಯಿತು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಆರಂಭಿಸುವುದಕ್ಕೆ ನೀರಾವರಿಯ ಜೊತೆಗೆ ಗಣಿಗಳಿಗೆ ವರ್ಷವಿಡೀ ವಿದ್ಯುತ್ತನ್ನು ಒದಗಿಸುವುದೂ ಒಂದು ಮುಖ್ಯ ಕಾರಣವಾಗಿತ್ತು. ಸಾಗಾಟದಲ್ಲಿ ಉಳಿದ ಶಕ್ತಿಯು ಸಂಸ್ಥಾನದ ಒಟ್ಟು ವ್ಯಯವನ್ನು ತಗ್ಗಿಸಲಿಲ್ಲ; ಹೊಸ ಬಳಕೆಗಳನ್ನು ಕರೆದು ತಂದಿತು. ಆ ಬಳಕೆಗಳಲ್ಲಿ ಬಹಳಷ್ಟು ನಾಡಿಗೆ ಹಿತವಾದುವೇ. ಆ ವಿಷಯದಲ್ಲಿ ನಮಗೆ ಆಕ್ಷೇಪವಿಲ್ಲ. ಅದನ್ನು ‘ಉಳಿತಾಯ’ವೆಂದು ಕರೆಯಬಾರದೆಂಬುದಷ್ಟೇ ನಮ್ಮ ವಿವಕ್ಷೆ.

ಇಂಗ್ಲೆಂಡಿನ ಜೆವನ್ಸ್ ೧೮೬೫ರಲ್ಲಿ ಕಲ್ಲಿದ್ದಲನ್ನು ಕುರಿತ ತನ್ನ ಗ್ರಂಥದಲ್ಲಿ ಇದೇ ಅಭಿಪ್ರಾಯವನ್ನು ಮಂಡಿಸಿದ್ದನು. ಉಗಿಯಂತ್ರಗಳು ಸುಧಾರಿಸಿದಂತೆ ಕಲ್ಲಿದ್ದಲಿನ ಬಳಕೆಯು ಏರಿತೆಂಬುದು ಅವನ ಪ್ರತಿಪಾದನೆ. ಆದರೆ ಇದನ್ನು ಅಲಂಘ್ಯ ನಿಯಮವೆಂದು ಎಣಿಸಿ ‘ದಕ್ಷತೆಯಿಂದ ಏನೂ ಪ್ರಯೋಜನವಿಲ್ಲ’ವೆನ್ನುವವರ ಪಕ್ಷವನ್ನೂ ನಾವು ಒಪ್ಪಲಾರೆವು. ದತ್ತಾಂಶ ಕೇಂದ್ರಗಳ ಇತಿಹಾಸವೇ ಅದಕ್ಕೆ ಪ್ರತಿಸಾಕ್ಷ್ಯವನ್ನು ಕೊಡುತ್ತದೆ. ೨೦೨೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮ್ಯಾಸನೆಟ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಂತೆ, ೨೦೧೦ರಿಂದ ೨೦೧೮ರವರೆಗೆ ಈ ಕೇಂದ್ರಗಳು ಮಾಡಿದ ಕೆಲಸವು ನೂರಕ್ಕೆ ೫೫೦ರಷ್ಟು ಹೆಚ್ಚಿದರೂ ವಿದ್ಯುತ್ತು ಏರಿದ್ದು ನೂರಕ್ಕೆ ೬ರಷ್ಟು ಮಾತ್ರ. ಆ ಎಂಟು ವರ್ಷಗಳಲ್ಲಿ ದಕ್ಷತೆಯು ಬೇಡಿಕೆಯನ್ನು ಸರಿಗಟ್ಟಿತ್ತು. ಅನಂತರ ಸ್ಥಿತಿಯು ಬದಲಾಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ೨೦೨೪ರ ವರದಿಯು, ಆ ದೇಶದ ಕೇಂದ್ರಗಳ ಬಳಕೆಯು ೨೦೧೪ರಲ್ಲಿ ೫೮ ಟೆರಾವಾಟ್-ಗಂಟೆಗಳಷ್ಟಿದ್ದದ್ದು ೨೦೨೩ರಲ್ಲಿ ೧೭೬ಕ್ಕೆ ಏರಿತೆಂದು ತೋರಿಸುತ್ತದೆ. ಉಪಕರಣಗಳು ಈ ಅವಧಿಯಲ್ಲಿ ಸುಧಾರಿಸುತ್ತಲೇ ಇದ್ದುವು. ಬೇಡಿಕೆಯು ಅವುಗಳಿಗಿಂತ ಮುಂದೆ ಓಡಿತು.

ಹೀಗಿರಲು, ದಕ್ಷತೆಯು ಉಳಿತಾಯವಾಗಿ ಪರಿಣಮಿಸುವುದೂ ಪರಿಣಮಿಸದಿರುವುದೂ ಉಪಕರಣದಲ್ಲಿಯೇ ನಿಶ್ಚಿತವಾಗಿರುವುದಿಲ್ಲ. ಉಳಿದ ಶಕ್ತಿಯನ್ನು ಏನು ಮಾಡಬೇಕೆಂದು ಯಾರು ತೀರ್ಮಾನಿಸುತ್ತಾರೆ ಎಂಬುದನ್ನು ಅದು ಅವಲಂಬಿಸಿದೆ. ಈ ದೃಷ್ಟಿಯಿಂದ ಉದ್ಯಮದವರ ಮಾತುಗಳನ್ನೇ ಗಮನವಿಟ್ಟು ಓದಬೇಕು. ೨೦೨೫ರಲ್ಲಿ ಬೆಳಕಿನ ಸ್ವಿಚ್ಚುಗಳನ್ನು ಪ್ರಕಟಿಸಿದ ಸಭೆಯಲ್ಲಿಯೇ ಎನ್ವಿಡಿಯಾದ ಮುಖ್ಯಸ್ಥರು, ಉಳಿಯುವ ಮೆಗಾವಾಟುಗಳಲ್ಲಿ ಎಷ್ಟು ಹೊಸ ಗಣಕ ಬೀರುಗಳನ್ನು ನಡೆಸಬಹುದೆಂದು ಲೆಕ್ಕ ಮಾಡಿ ತೋರಿಸಿದರು. ಅವರು ಏನನ್ನೂ ಮರೆಮಾಚಲಿಲ್ಲ. ಅದನ್ನು ವರದಿ ಮಾಡುವಾಗ ‘ವಿದ್ಯುತ್ತು ಉಳಿಯುತ್ತದೆ’ ಎಂದು ಅರ್ಧವನ್ನಷ್ಟೇ ಬರೆದವರದು ತಪ್ಪು. ದತ್ತಾಂಶ ಕೇಂದ್ರದ ಗಾತ್ರವನ್ನು ಮೆಗಾವಾಟುಗಳಲ್ಲಿ ಹೇಳುವುದೇ ಈ ಉದ್ಯಮದ ವಾಡಿಕೆಯೆಂಬುದನ್ನೂ ಇಲ್ಲಿ ನೆನೆಯಬೇಕು. ಎಷ್ಟು ಬಳಸುತ್ತೇವೆಂಬುದೇ ದೊಡ್ಡಸ್ತಿಕೆಯ ಅಳತೆಯಾಗಿರುವಲ್ಲಿ ಉಳಿದುದು ಉಳಿದೇ ಇರುವುದೆಂದು ನಿರೀಕ್ಷಿಸುವುದಕ್ಕೆ ಆಧಾರವಿಲ್ಲ.

೬

ನಮ್ಮ ಬೀದರಿನ ನೌಬಾದಿನ ಬಳಿ ‘ಕರೇಜ್’ ಅಥವಾ ‘ಸುರಂಗ ಬಾವಿ’ಯೆಂದು ಪ್ರಸಿದ್ಧವಾದ ಒಂದು ನೆಲದಡಿಯ ಕಾಲುವೆಯಿದೆ. ಬಹಮನಿಗಳ ಕಾಲದ, ಹದಿನೈದನೆಯ ಶತಮಾನದ ಕೆಲಸವೆಂದು ಅದನ್ನು ಎಣಿಸುತ್ತಾರೆ. ಜಂಬಿಟ್ಟಿಗೆಯ ಪದರಗಳಲ್ಲಿ ಇಳಿದ ಮಳೆಯ ನೀರು ಕೆಳಗಣ ಕರಿಗಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ಸಣ್ಣ ಇಳಿಜಾರಿನಲ್ಲಿ ಹರಿಸಿ, ಯಾವ ಏತದ ಸಹಾಯವೂ ಇಲ್ಲದೆ ಊರಿಗೆ ತಲಪಿಸುವುದು ಅದರ ಕ್ರಮ. ನೆಲದಡಿಯಲ್ಲಿ ಹರಿಯುವುದರಿಂದ ಬಿಸಿಲಿಗೆ ಆವಿಯಾಗುವ ನಷ್ಟವೂ ಇಲ್ಲ. ಸಾಗಾಟದ ದಕ್ಷತೆಯಲ್ಲಿ ಇದನ್ನು ಮೀರಿಸುವುದು ಸುಲಭವಲ್ಲ. ಆದರೆ ಈ ವ್ಯವಸ್ಥೆಗೆ ಇನ್ನೊಂದು ಗುಣವೂ ಇದೆ. ಅಂತರ್ಜಲವು ಕಾಲುವೆಯ ಮಟ್ಟಕ್ಕಿಂತ ಕೆಳಗಿಳಿದರೆ ಹರಿವು ತಾನಾಗಿಯೇ ನಿಲ್ಲುತ್ತದೆ. ಮಳೆಯು ಕೊಟ್ಟುದಕ್ಕಿಂತ ಹೆಚ್ಚನ್ನು ಅದು ಬಹುಕಾಲ ಎಳೆಯಲಾರದು. ದಕ್ಷತೆಯೂ ಮಿತಿಯೂ ಒಂದೇ ರಚನೆಯಲ್ಲಿ ಕೂಡಿವೆ.

ಕೊಳವೆ ಬಾವಿಯ ಪಂಪಿನಲ್ಲಿ ಹೀಗಿಲ್ಲ. ಪಂಪು ಸುಧಾರಿಸಿ ಅದೇ ಕರೆಂಟಿಗೆ ಹೆಚ್ಚು ನೀರನ್ನು ಎತ್ತಬಲ್ಲದಾದರೆ, ಇನ್ನೂ ಆಳದಿಂದ ಎತ್ತುವುದು ಸಾಧ್ಯವಾಗುತ್ತದೆ. ತಡೆಯುವುದು ಯಾವುದೂ ಇಲ್ಲ. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಸಾಲಾಗಿ ಬತ್ತಿ ಜನರು ಟ್ಯಾಂಕರಿಗಾಗಿ ಕಾದುದನ್ನು ನಾವೆಲ್ಲರೂ ಕಂಡಿದ್ದೇವೆ. ಬೆಳಕಿನ ತಂತ್ರವುಳ್ಳ ದತ್ತಾಂಶ ಕೇಂದ್ರವು ಕರೇಜಿನಂತಾಗುವುದೋ ಕೊಳವೆ ಬಾವಿಯಂತಾಗುವುದೋ ಎಂಬುದೇ ಮುಖ್ಯ ಪ್ರಶ್ನೆ. ಮಿತಿಯು ರಚನೆಯಲ್ಲಿಯೇ ಇಲ್ಲದಿದ್ದಾಗ ಅದನ್ನು ಕಾನೂನಿನಿಂದ ತರಬೇಕಾಗುತ್ತದೆ.

ಕೆಲವು ದೇಶಗಳು ಈ ದಾರಿಯನ್ನು ಹಿಡಿದಿವೆ. ಐರ್ಲೆಂಡಿನಲ್ಲಿ ೨೦೨೩ರಲ್ಲಿ ಮೀಟರಿನ ಲೆಕ್ಕಕ್ಕೆ ಬಂದ ವಿದ್ಯುತ್ತಿನ ನೂರಕ್ಕೆ ೨೧ ಪಾಲನ್ನು ದತ್ತಾಂಶ ಕೇಂದ್ರಗಳೇ ಬಳಸಿದುವು. ಅದು ಆ ದೇಶದ ನಗರವಾಸಿಗಳ ಮನೆಗಳೆಲ್ಲವೂ ಬಳಸಿದುದಕ್ಕಿಂತ ಹೆಚ್ಚು. ಸಿಂಗಾಪುರವು ೨೦೧೯ರಿಂದ ೨೦೨೨ರವರೆಗೆ ಹೊಸ ಕೇಂದ್ರಗಳನ್ನು ತಡೆಹಿಡಿದಿತ್ತು. ಯುರೋಪಿನ ಒಕ್ಕೂಟವು ೨೦೨೩ರ ತನ್ನ ನಿರ್ದೇಶನದಲ್ಲಿ, ೫೦೦ ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಕೇಂದ್ರಗಳು ತಮ್ಮ ಇಂಧನದ ಲೆಕ್ಕವನ್ನು ಒಪ್ಪಿಸಬೇಕೆಂದು ವಿಧಿಸಿತು. ಕರ್ನಾಟಕ ಸರ್ಕಾರವೂ ೨೦೨೨ರಲ್ಲಿ ದತ್ತಾಂಶ ಕೇಂದ್ರಗಳ ನೀತಿಯೊಂದನ್ನು ಅಂಗೀಕರಿಸಿತು. ಉದ್ಯಮವನ್ನು ನಾಡಿಗೆ ಕರೆತರುವುದು ಅಂಥ ನೀತಿಯ ಗುರಿಯಾಗಿರುವುದು ತಪ್ಪಲ್ಲ. ಆದರೆ ಅದರ ಜೊತೆಯಲ್ಲಿ ಪ್ರತಿಯೊಂದು ಕೇಂದ್ರವೂ ವರ್ಷಕ್ಕೆ ಬಳಸಿದ ಒಟ್ಟು ಯೂನಿಟ್ ಎಷ್ಟು, ನೀರು ಎಷ್ಟು, ಅದರಿಂದ ನಡೆದ ಕೆಲಸ ಎಷ್ಟು, ಹೊಸ ತಂತ್ರದಿಂದ ಉಳಿದ ವಿದ್ಯುತ್ತು ಎಲ್ಲಿಗೆ ಹೋಯಿತು ಎಂಬ ನಾಲ್ಕು ಲೆಕ್ಕಗಳು ಸಾರ್ವಜನಿಕರಿಗೆ ದೊರೆಯುವಂತಾಗಬೇಕು. ಈ ನಾಲ್ಕೂ ಇಲ್ಲದೆ ಮಿತವ್ಯಯದ ಯಾವ ವಾದವನ್ನೂ ಪರೀಕ್ಷಿಸಲಾಗದು. ಪರೀಕ್ಷಿಸಲಾಗದ ವಾದವನ್ನು ಒಪ್ಪುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕುದಲ್ಲ.

೭

ಇದುವರೆಗಿನ ವಿಚಾರವನ್ನು ಸಂಗ್ರಹಿಸಿ ಹೇಳಬಹುದಾದರೆ: ಬೆಳಕಿನ ತಂತ್ರವು ದತ್ತಾಂಶ ಕೇಂದ್ರಗಳ ಹರವನ್ನು ಹೆಚ್ಚಿಸುವುದು ನಿಜ, ಗತಿಯನ್ನು ಹೆಚ್ಚಿಸುವುದೆಂಬುದು ಭ್ರಾಂತಿ. ಬೀರುಗಳ ನಡುವಣ ದೂರದಲ್ಲಿ ಅದು ಸಂದೇಶದ ಸಾಗಾಟಕ್ಕೆ ತಗಲುವ ವಿದ್ಯುತ್ತನ್ನು ತಗ್ಗಿಸುವುದು ನಿಜ. ಆ ಉಳಿತಾಯವು ಒಟ್ಟು ವ್ಯಯದ ಸಣ್ಣ ಪಾಲು. ಅದು ನಾಡಿನ ಉಳಿತಾಯವಾಗಿ ಉಳಿಯಬೇಕಾದರೆ ಒಟ್ಟು ಬಳಕೆಗೆ ಒಂದು ಮೇರೆಯೂ ಎಲ್ಲರೂ ನೋಡಬಹುದಾದ ಒಂದು ಲೆಕ್ಕವೂ ಇರಬೇಕು.

ಅಧ್ಯಾಪಕರೂ ವಿದ್ಯಾರ್ಥಿಗಳೂ ಆದ ನಮಗೆ ಇದರಲ್ಲಿ ಎರಡು ಕರ್ತವ್ಯಗಳು ಕಾಣುತ್ತವೆ. ಒಂದೇ ಶಾಸನದ ಹತ್ತು ಚಿತ್ರಗಳನ್ನು ಹತ್ತು ಕಡೆಗಳಲ್ಲಿ ಇಡುವ ಇಂದಿನ ಅಭ್ಯಾಸವನ್ನು ಬಿಟ್ಟು, ಆಯ್ದ ಚಿತ್ರವನ್ನು ಸ್ಥಳ, ದಿನಾಂಕ, ಅಳತೆಗಳೊಡನೆ ಒಂದೆಡೆ ಇಡುವುದು ಮೊದಲನೆಯದು. ಇದು ವಿದ್ಯುತ್ತಿನ ದೃಷ್ಟಿಯಿಂದಲೂ ಸಂಶೋಧನೆಯ ದೃಷ್ಟಿಯಿಂದಲೂ ಒಳ್ಳೆಯದು. ಅದರ ಕಾಗದದ ಪಡಿಯಚ್ಚೊಂದನ್ನು ವಿಭಾಗದ ಬೀರುವಿನಲ್ಲಿ ಇಡುವುದು ಎರಡನೆಯದು. ಕರೆಂಟು ಹೋದ ದಿನವೂ ಅದನ್ನು ತೆರೆದು ಓದಬಹುದು.